ಯಾರನ್ನಂತ ಬೈಯೋದು

ಥಾಯ್ಲೆಂಡಿನ ಬಾನ್‌ಡೋನ್ ಕೊಲ್ಲಿಯ ದಂಡೆಯ ಆ ಊರಿನಲ್ಲಿ ಏನಾದರೂ ಕೆಟ್ಟರೆ ಜನ ಮೊದಲು ಹೋಗುತ್ತಿದ್ದದ್ದು ಊರ ಮುಖಂಡನ ಮನೆಗಲ್ಲ, ಲಮೂನಳ ಮನೆಗೆ. ಲಮೂನ್ ಅಂದರೆ ನಯವಾದದ್ದು, ಮೃದುವಾದದ್ದು ಎಂದರ್ಥ. ಹೆಸರು ಇಟ್ಟ ಹಿರಿಯ ಭಿಕ್ಷು ನಿದ್ದೆ ಮಾಡುತ್ತಿದ್ದ ಕೂಸನ್ನು ನೋಡಿ ಇಟ್ಟಿದ್ದ. ಕೂಸು ಎಚ್ಚರವಾಗಿದ್ದರೆ ಬೇರೆ ಹೆಸರು ಹುಡುಕುತ್ತಿದ್ದನೋ ಏನೋ.

ಆಕೆಯ ಬಾಯಿ ಅಂಥದ್ದು. ದೊಡ್ಡ ಬಲೆಯ ದೋಣಿಗಳು ಸಿಂಪಿ ಬೆಳೆಸುವ ಕಂಬಗಳ ಮೇಲೆ ಹಾಯ್ದು ಮುರಿದು ಹಾಕುತ್ತಿದ್ದ ಕಾಲದಲ್ಲಿ ಲಮೂನ್ ತನ್ನ ಸಣ್ಣ ದೋಣಿಯನ್ನು ಅವುಗಳಿಗೆ ಅಡ್ಡ ನಿಲ್ಲಿಸಿ, ದೋಣಿ ನಡೆಸುವವನ ಮುತ್ತಜ್ಜನಿಂದ ಶುರುಮಾಡಿ ಇನ್ನೂ ಹುಟ್ಟದ ಮೊಮ್ಮಗನ ತನಕ ಒಬ್ಬೊಬ್ಬರನ್ನೇ ಎತ್ತಿ ಆಡಿದ್ದಳು. ಆ ದೋಣಿಗಳು ದಾರಿ ಬದಲಿಸಿದವು. ಹೊಳೆಯ ಮೇಲ್ಗಡೆ ತಾಳೆ ಎಣ್ಣೆಯ ಗಿರಣಿಯೊಂದು ಕೊಳಕು ನೀರು ಬಿಟ್ಟಾಗ ಅದರ ಗೇಟಿನ ಮುಂದೆ ಚಾಪೆ ಹಾಸಿಕೊಂಡು ಕೂತು, ಅನ್ನ ಉಣ್ಣುವಾಗ ಮಾತ್ರ ಬಿಡುವು ಕೊಟ್ಟು ಬೈದಳು. ಗಿರಣಿಯವರು ನೀರು ಸೋಸುವ ತೊಟ್ಟಿ ಕಟ್ಟಿಸಿದರು. ಗಂಡ ಪ್ರಚೋಪ್‌ಗೆ ಇದೆಲ್ಲ ಅಭ್ಯಾಸವಾಗಿತ್ತು. ಮದುವೆಯಾದಂದಿನಿಂದ ಅವನು ಮಾತಾಡುವ ಅವಕಾಶಕ್ಕಾಗಿ ಕಾದವನು, ಕಾದು ಕಾದು ಮರೆತೂ ಬಿಟ್ಟವನು.

ಹೀಗಿರುವಾಗ ಸಿಂಪಿಯ ಮರಿ ಬರುವುದು ನಿಂತಿತು. ಮರಿ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ನೀರಿನಲ್ಲಿ ಧೂಳಿನ ಹಾಗೆ ತೇಲಿಕೊಂಡು ಬಂದು, ಗಟ್ಟಿ ಜಾಗ ಸಿಕ್ಕಲ್ಲಿ ಅಂಟಿಕೊಂಡು ಚಿಪ್ಪು ಕಟ್ಟುತ್ತದೆ. ಅಂಟುವುದಕ್ಕೆಂದೇ ಕೊಲ್ಲಿಯ ಕೆಸರಿನಲ್ಲಿ ಸಿಮೆಂಟಿನ ಕಂಬಗಳನ್ನು ನೆಟ್ಟಿರುತ್ತಾರೆ. ಎರಡು ವರ್ಷ ಕಾದರೆ ಅಂಗೈ ಅಗಲದ ಸಿಂಪಿ. ಲಮೂನಳ ಅವ್ವನ ಕಾಲದಿಂದ ಇದ್ದ ಆ ಕಂಬಗಳ ಮೇಲೆ ಹೋದ ವರ್ಷ ಅಲ್ಲೊಂದು ಇಲ್ಲೊಂದು ಮರಿ ಕೂತಿತ್ತು, ಅದೂ ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಚಿಪ್ಪು. ಈ ವರ್ಷ ಅದೂ ಇಲ್ಲ. ಬೆಳೆದಿದ್ದ ಹಳೆಯ ಸಿಂಪಿಗಳು ಒಂದೊಂದಾಗಿ ಮುಗಿದವು. ಹತ್ತನೆಯ ತಿಂಗಳ ಪ್ರೇತದ ಹಬ್ಬದೊಳಗೆ ಮರಿ ಕಾಣದಿದ್ದರೆ ಕಂಬ ಕಿತ್ತು, ತನ್ನ ತಮ್ಮನ ರಬ್ಬರು ತೋಟದಲ್ಲಿ ಮರ ಕೆತ್ತಿ ಹಾಲು ಇಳಿಸಲು ಹೋಗುವುದೆಂದು ಪ್ರಚೋಪ್ ಅಂದ. ವರ್ಷಕ್ಕೊಂದು ಮಾತಾಡುವ ಮನುಷ್ಯ ಈ ಮಾತಾಡಿದ್ದು ಲಮೂನಳಿಗೆ ಎದೆಗೆ ಒದ್ದ ಹಾಗಾಯಿತು. ಸತ್ತ ಅವ್ವ ನೆಟ್ಟ ಕಂಬ ಕೀಳುವುದೆಂದರೇನು, ಹುಡುಗಾಟವೇ?

ಊರವರು ಅವಳ ಮುಖ ನೋಡುತ್ತಿದ್ದರು. ಯಾರದೋ ಕಿತಾಪತಿ ಇದೆ, ಅದು ಯಾರದು ಎಂದು ಲಮೂನ್ ಕಂಡುಹಿಡಿಯಬೇಕು, ಬೈಯಬೇಕು, ಮರಿ ಬರಬೇಕು. ಲೆಕ್ಕ ಸರಳ. ಲಮೂನ್ ಗಿರಣಿಗೆ ಹೋಗಿ ನೋಡಿದಳು. ಅವಳನ್ನು ಕಂಡ ಕಾವಲುಗಾರ ತಾನಾಗಿಯೇ ಗೇಟು ತೆಗೆದು ಸೋಸುವ ತೊಟ್ಟಿ ತೋರಿಸಿದ. ಹೊಳೆಯ ಬದಿಯ ಹಂದಿ ಸಾಕುವವನ ಹತ್ತಿರ ಹೋದಳು. ಅವನು ಹಂದಿಗಳನ್ನು ಮಾರಿ ತಿಂಗಳುಗಳಾಗಿತ್ತು. ಉಳಿದದ್ದು ಒಂದೇ ಜಾಗ. ಅವಳ ಸ್ವಂತ ಅಕ್ಕ ಸಂಗ್ವಾನಳ ಸಿಗಡಿ ಕೆರೆ.

ಸಂಗ್ವಾನ್ ಸಿಗಡಿ ಸಾಕುವುದು ಲಮೂನಳಿಗೆ ಮೊದಲಿಂದಲೂ ಸೇರದು. ಸಿಂಪಿಯನ್ನು ಸಮುದ್ರ ಸಾಕುತ್ತದೆ, ಸಿಗಡಿಯನ್ನು ನಾವು ಸಾಕಬೇಕು; ಅದಕ್ಕೆ ಮೇವು, ಔಷಧ, ಮೂಟೆಗಟ್ಟಲೆ ಸುಣ್ಣ, ನೀರು ಕಡೆಯುವ ಚಕ್ರ. ಕೆರೆಯ ಹಳೆ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಕೊಲ್ಲಿಗೆ. ಇನ್ನೇನು ಬೇಕು ಸಾಕ್ಷಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ, ಆದರೆ ಬರೆ ಎಳೆಯುವವರಿಗೆ ಅದು ಆಗ ಗೊತ್ತಾಗುವುದಿಲ್ಲ. ಭಿಕ್ಷುಗಳು ಮಳೆಗಾಲದ ವ್ರತ ಹಿಡಿಯುವ ದಿನ, ಇಡೀ ಊರು ಮೇಣದ ಬತ್ತಿ ಹೊತ್ತು ದೇವಾಲಯದ ಅಂಗಳದಲ್ಲಿ ಸೇರಿದ್ದಾಗ, ಲಮೂನ್ ಅಕ್ಕನನ್ನು ಹಿಡಿದು ನಿಲ್ಲಿಸಿ ಬೈದಳು. ಅವ್ವನ ಸಿಂಪಿಯನ್ನು ವಿಷ ಹಾಕಿ ಕೊಂದವಳು ಅಂದಳು. ಸಿಗಡಿಯ ಆಸೆಗೆ ಹೆತ್ತವಳನ್ನು ಎರಡನೆಯ ಸಲ ಸುಟ್ಟವಳು ಅಂದಳು.

ಸಂಗ್ವಾನ್ ಕೂಗಾಡುವ ಪೈಕಿ ಅಲ್ಲ. ಮೇಣದ ಬತ್ತಿಯನ್ನು ಪಕ್ಕದವಳ ಕೈಗೆ ಕೊಟ್ಟು, "ಅವ್ವನ ಬಾಯಿ ನಿಂಗೆ ಬಂತು. ಅವ್ವಂಗೆ ಈಗ ಸೂಜಿಯಷ್ಟು ಬಾಯಿ. ನಿಂಗೆ ಅದೂ ಇರಲ್ಲ ನೋಡ್ತಿರು," ಅಂದು ಹೊರಟುಹೋದಳು. ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ.

ಆ ಮಾತು ಲಮೂನಳಿಗೆ ನಾಟಿತು. ಬಾಯಿ ಬಡುಕಿಯರು ಸತ್ತರೆ ಪ್ರೇತವಾಗುತ್ತಾರೆ, ತೆಂಗಿನ ಮರದೆತ್ತರ ಬೆಳೆಯುತ್ತಾರೆ, ಆದರೆ ಬಾಯಿ ಸೂಜಿಯ ಕಣ್ಣಿನಷ್ಟು, ಎಷ್ಟು ಹಸಿದರೂ ಉಣ್ಣಲಾಗುವುದಿಲ್ಲ ಎಂಬುದು ಅಲ್ಲಿ ಕೂಸುಗಳಿಗೂ ಗೊತ್ತು. ಹತ್ತನೆಯ ತಿಂಗಳಲ್ಲಿ ಪ್ರೇತಗಳು ಮನೆಯವರನ್ನು ನೋಡಲು ಬಂದಾಗ ನೂಲಿನಂಥ ಸಿಹಿ ಮಾಡಿಡುವುದೂ ಅದಕ್ಕೇ. ಅವರ ಅವ್ವ ಕೊಲ್ಲಿಯ ಮೂರು ಊರಿಗೆ ಕೇಳಿಸುವ ಹಾಗೆ ಬೈಯುತ್ತಿದ್ದವಳು. ಆದ್ದರಿಂದ ಲಮೂನ್ ಪ್ರತಿ ವರ್ಷ ಹಬ್ಬದ ತಟ್ಟೆಗೆ ಒಂದು ಸಿಂಪಿ ಬಿಡಿಸಿ, ಅದರ ಮಾಂಸವನ್ನು ದಾರದಂತೆ ಸಣ್ಣಗೆ ಹೆಚ್ಚಿ ಇಡುತ್ತಿದ್ದಳು. ಬೇರೇನು ಇಟ್ಟರೂ ಇಡದಿದ್ದರೂ ಇದು ತಪ್ಪುತ್ತಿರಲಿಲ್ಲ. ಈ ವರ್ಷ ಇಡುವುದಕ್ಕೆ ಒಂದೂ ಇಲ್ಲ. ಪೇಟೆಯಿಂದ ತಂದು ಇಟ್ಟರೆ ಅವ್ವ ಸೂಜಿ ಬಾಯಿಯಲ್ಲೇ ಬೈಯುತ್ತಾಳೆ.

ಊರಿಗೆ ವಿಶ್ವವಿದ್ಯಾಲಯದಿಂದ ಒಬ್ಬಳು ಬಂದು ಹೋಗುತ್ತಿದ್ದಳು, ರಸಿತಾ ಎಂದು. ಕೊಲ್ಲಿಯಲ್ಲಿ ಅಲ್ಲಲ್ಲಿ ಕೊಳವೆಯಂಥ ಯಂತ್ರ ಇಳಿಬಿಟ್ಟು ನೀರಿನ ಹುಳಿ ಅಳೆಯುವುದು ಅವಳ ಕೆಲಸ. ನೀರಿಗೆ ಹುಳಿ ಎಲ್ಲಿಂದ ಬರಬೇಕು ಎಂದು ಊರವರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಲಮೂನ್ ಅವಳನ್ನು ತನ್ನ ಕಂಬಗಳ ನಡುವಿನ ಕಾವಲು ಗುಡಿಸಲಿಗೆ ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂರಿಸಿ, ಒಂದು ಎಳನೀರು ಕೊಟ್ಟು ನೇರ ವಿಷಯಕ್ಕೆ ಬಂದಳು. ಅಕ್ಕನ ಕೆರೆಯ ನೀರೇ ಅಲ್ಲವೇ? ಅಷ್ಟು ಹೇಳು, ಮುಂದಿನದು ನಾನು ನೋಡಿಕೊಳ್ಳುತ್ತೇನೆ.

ರಸಿತಾ ಅಲ್ಲ ಅಂದಳು. ಸೋಡಾ ಬಾಟಲಿಗೆ ತುಂಬುವ ಗಾಳಿಯೇ ಹೊಗೆಯಲ್ಲೂ ಇರುತ್ತದೆ, ಆ ಗಾಳಿಯನ್ನು ಸಮುದ್ರ ಕುಡಿಯುತ್ತದೆ, ಕುಡಿದಷ್ಟೂ ಹುಳಿಯ ಕಡೆಗೆ ಜಾರುತ್ತದೆ ಎಂದು ವಿವರಿಸಿದಳು. ನಾಲಿಗೆಗೆ ಗೊತ್ತಾಗುವಷ್ಟಲ್ಲ, ಮರಿಗೆ ಗೊತ್ತಾಗುವಷ್ಟು. ಚಿಪ್ಪು ಕಟ್ಟುವ ಸುಣ್ಣ ಆ ನೀರಿನಲ್ಲಿ ಮರಿಗೆ ದಕ್ಕುವುದಿಲ್ಲ. ಇದಕ್ಕೆ ಹೊಳೆಯ ಸಿಹಿನೀರೂ ಸೇರಿಕೊಳ್ಳುತ್ತದೆ. ಥಾಯ್ ಕೊಲ್ಲಿ ಮೂರು ಕಡೆ ಮುಚ್ಚಿಕೊಂಡದ್ದು, ತಳ ಆಳವಿಲ್ಲ, ಹೊರಗಿನ ಸಮುದ್ರದ ಕಡೆಗೆ ಹೊಸ್ತಿಲಿದ್ದ ಹಾಗಿದೆ. ಒಳಗಿನ ನೀರು ಬದಲಾಗುವುದು ನಿಧಾನ. ಒಳಗೆ ಬಂದದ್ದು ಬೇಗ ಹೊರಗೆ ಹೋಗುವುದಿಲ್ಲ.

ಲಮೂನ್ ತಾಳ್ಮೆಯಿಂದ ಕೇಳಿದಳು. ಅವಳ ಜೀವನದಲ್ಲಿ ಅದು ಹೆಚ್ಚು ಸಲ ಆದದ್ದಲ್ಲ.

"ಸರಿ, ಹೊಗೆ. ಯಾರ ಹೊಗೆ?"

"ಎಲ್ಲರದ್ದೂ ದೊಡ್ಡಮ್ಮ."

"ಎಲ್ಲರೂ ಅಂದ್ರೆ ಯಾರೂ ಅಲ್ಲ ಅಂತ. ಒಂದು ಹೆಸರು ಹೇಳು."

ರಸಿತಾ ಪಾಪ, ಪ್ರಯತ್ನ ಮಾಡಿದಳು. ಕಲ್ಲಿದ್ದಲು ಸುಡುವ ಊರುಗಳು, ವಿಮಾನಗಳು, ಬ್ಯಾಂಕಾಕಿನ ಕಾರುಗಳು, ದೂರದ ಶ್ರೀಮಂತ ದೇಶಗಳು. ಕೆಲವರದು ಬೆಟ್ಟದಷ್ಟು, ಕೆಲವರದು ಚಿಟಿಕೆಯಷ್ಟು. ತಾನು ಬಂದ ಕಾರಿನದೂ ಇದೆ ಅಂದಳು. ಹಾಗಾದರೆ ಮೊದಲು ನಿನ್ನನ್ನೇ ಬೈಯಲೇ ಎಂದು ಲಮೂನ್ ಕೇಳಿದಳು.

"ಬೈರಿ ದೊಡ್ಡಮ್ಮ, ನಾನೂ ಸಾಲಲ್ಲಿದ್ದೀನಿ. ಆದ್ರೆ ನಿಮ್ಮ ದೋಣಿಯ ಎಂಜಿನ್ನೂ ಅದೇ ಸಾಲಲ್ಲಿದೆ."

ಲಮೂನಳಿಗೆ ರೇಗಿ ಹೋಯಿತು. ಇಷ್ಟು ವರ್ಷ ಬೈದವಳಿಗೆ ಬೈಗುಳದ ಮೊದಲ ನಿಯಮ ಗೊತ್ತಿತ್ತು: ಎದುರಿಗೆ ಒಂದು ಮುಖ ಇರಬೇಕು, ಆ ಮುಖ ಕೆಂಪಾಗಬೇಕು. ಈಗ ನೋಡಿದರೆ ಲೋಕವೆಲ್ಲ ಸೇರಿ ಅವಳ ಕಂಬ ಬರಿದು ಮಾಡಿದೆ, ಮುಖ ಮಾತ್ರ ಒಂದೂ ಇಲ್ಲ. ಯಾವ ಗೇಟಿನ ಮುಂದೆ ಚಾಪೆ ಹಾಸುವುದು? ಕೊನೆಗೆ, ಅವ್ವನ ಕಾಲದಲ್ಲಿ ಇದಕ್ಕಿಂತ ಹೆಚ್ಚು ಹೊಗೆ ಇತ್ತು, ಆಗ ಸಿಂಪಿ ಸತ್ತಿತ್ತೇ ಎಂದು ಒಂದು ಹಳೆಯ ಅಸ್ತ್ರ ಎತ್ತಿದಳು. ಅವರ ಅವ್ವ ಸಿಂಪಿಯ ಜೊತೆಗೆ ಇದ್ದಿಲು ಭಟ್ಟಿಯನ್ನೂ ಇಟ್ಟಿದ್ದಳು. ದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರ ಕಡಿದು, ಮಣ್ಣಿನ ಗೂಡಿನಲ್ಲಿ ವಾರಗಟ್ಟಲೆ ಸುಟ್ಟು, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಇಬ್ಬರು ಹೆಣ್ಣು ಮಕ್ಕಳನ್ನು ಸಾಕಿದ್ದಳು.

"ಆ ಹೊಗೆ ಎಲ್ಲಿಗೂ ಹೋಗಿಲ್ಲ ದೊಡ್ಡಮ್ಮ," ಅಂದಳು ರಸಿತಾ. "ಗಾಳಿಯಲ್ಲಿ ಸ್ವಲ್ಪ, ನೀರಲ್ಲಿ ಸ್ವಲ್ಪ, ಇನ್ನೂ ಇದೆ. ಒಂದು ಚಿಟಿಕೆ ಅಷ್ಟೇ. ಆದ್ರೆ ಇದೆ."

ಲಮೂನ್ ಎಳನೀರಿನ ಬುರುಡೆಯನ್ನು ಸಮುದ್ರಕ್ಕೆ ಎಸೆದಳು. ಅದು ತೇಲಿಕೊಂಡು ಮತ್ತೆ ಮೆಟ್ಟಿಲಿಗೇ ಬಂದು ಬಡಿಯಿತು.

ಹೊರಡುವ ಮುಂಚೆ ರಸಿತಾ ಇನ್ನೊಂದು ವಿಷಯ ಹೇಳಿದಳು, ಹೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಲೇ. ಕೊಲ್ಲಿಯ ಈ ದಂಡೆಯಲ್ಲಿ ಮರಿ ಕೂತಿರುವ ಜಾಗ ಒಂದಿದೆ. ಸಂಗ್ವಾನಳ ತೂಬಿನ ಬಾಯಿ.

ಲಮೂನ್ ಮತ್ತೆ ಕೂತಳು.

ಸಂಗ್ವಾನ್ ಸಿಗಡಿಗೆಂದು ಕೆರೆಗೆ ಸುಣ್ಣ ಹಾಕುತ್ತಾಳಲ್ಲ, ಆ ನೀರು ತೂಬಿನಿಂದ ಇಳಿಯುವ ಕಡೆ ಹುಳಿ ಕಮ್ಮಿ. ಮನೆಯಂಗಳದಷ್ಟು ಜಾಗ, ಅದಕ್ಕಿಂತ ಹೆಚ್ಚಿಲ್ಲ. ತಿಳಿದು ಮಾಡಿದ್ದಲ್ಲ, ಆಗಿಹೋಗಿದೆ. ಇಷ್ಟು ಕೇಳಿದ್ದೇ ತಡ, ಹಾಗಾದರೆ ಊರವರೆಲ್ಲ ಸೇರಿ ಕೊಲ್ಲಿಗೇ ಸುಣ್ಣ ಸುರಿಯೋಣ ಎಂದು ಲಮೂನ್ ಎದ್ದು ನಿಂತಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ ಎಂದು ರಸಿತಾ ಅವಳನ್ನು ಮತ್ತೆ ಕೂರಿಸಿದಳು. ಈ ವರ್ಷಕ್ಕೆ ಆಗುವುದಿದ್ದರೆ ಆ ಅಂಗಳದಷ್ಟು ಜಾಗದಲ್ಲೇ ಆಗಬೇಕು: ಮರಿಯನ್ನು ಅಲ್ಲೇ ಕೂರಿಸಿ, ಚಿಪ್ಪು ಗಟ್ಟಿಯಾದ ಮೇಲೆ ತಂದು ಕಂಬಕ್ಕೆ ಸೇರಿಸುವುದು. ಗಟ್ಟಿಯಾದದ್ದು ತಡೆದುಕೊಂಡೀತು ಅಂದಳು. ಹೀಗೆ ಎಷ್ಟು ವರ್ಷ ಎಂದು ಲಮೂನ್ ಕೇಳಲಿಲ್ಲ. ರಸಿತಾಳೂ ಹೇಳಲಿಲ್ಲ.

ಮಾರನೆಯ ದಿನ ಇಳಿತದ ಹೊತ್ತಿಗೆ ಲಮೂನ್ ಕಾಲುವೆಯ ಕೆಸರಿನಲ್ಲಿ ಮೊಳಕಾಲ ತನಕ ಹೂತುಕೊಂಡು ಅಕ್ಕನ ತೂಬಿನ ಹತ್ತಿರ ಹೋದಳು. ತೂಬಿನ ಸಿಮೆಂಟಿನ ಕೆನ್ನೆಗಳ ಮೇಲೆ, ಹಲಗೆಯ ಸಂದಿಯಲ್ಲಿ, ಮರಿ ಕೂತಿತ್ತು. ಬೆರಳಿನ ಉಗುರಿನಷ್ಟು, ಅಂಚು ಬ್ಲೇಡಿನಂತೆ ಹರಿತ. ಒತ್ತಿ ನೋಡಿದಳು, ಪುಡಿಯಾಗಲಿಲ್ಲ. ಬೆರಳು ಕುಯ್ದು ರಕ್ತ ಬಂತು. ಆ ನೋವಿಗೋ ಸಂತೋಷಕ್ಕೋ ಅವಳ ಕಣ್ಣು ತುಂಬಿತು, ಅದೇ ಹೊತ್ತಿಗೆ ಅವಮಾನವೂ ಆಯಿತು. ವಿಷ ಅಂದ ನೀರಿನಲ್ಲಿ ಅವ್ವನ ಸಿಂಪಿ ಬದುಕಿದೆ, ಅಮೃತ ಅಂದ ಸಮುದ್ರದಲ್ಲಿ ಸತ್ತಿದೆ.

ತಲೆಯೆತ್ತಿದರೆ ಮೇಲೆ ಸಂಗ್ವಾನ್ ಸುಣ್ಣ ಮೆತ್ತಿದ ಕೈಗಳನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು.

"ನನ್ನ ವಿಷದಲ್ಲಿ ಕೈ ಇಟ್ಕೊಂಡು ಏನ್ ಮಾಡ್ತಿದ್ದೀಯೇ?"

ಲಮೂನ್ ಇಡೀ ಕೊಲ್ಲಿಗೆ ಗೊತ್ತಿದ್ದ ತನ್ನ ಬಾಯಿಗೆ ಕುಯ್ದ ಬೆರಳು ಇಟ್ಟು ಚೀಪಿದಳು. ಕೊನೆಗೆ ಗೊಣಗುತ್ತ, ಕಾಲುವೆಯಲ್ಲಿ ನಾಲ್ಕು ಕಂಬ ನೆಡಲು ಜಾಗ ಬೇಕು ಎಂದಳು. ಸಂಗ್ವಾನ್ ಕೈಯ ಸುಣ್ಣ ಕೊಡವಿಕೊಂಡಳು.

"ದೇವಾಲಯದ ಅಂಗಳದಲ್ಲಿ ಕೊಟ್ಟದ್ದನ್ನ ಅಲ್ಲೇ ವಾಪಸ್ ತಗೋ. ಅಷ್ಟೇ ದನಿಯಲ್ಲಿ, ಅಷ್ಟೇ ಜನರ ಮುಂದೆ. ಆಮೇಲೆ ಕಂಬ ತಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಲಮೂನ್ ಹುಟ್ಟಿದ ಮೇಲೆ ಒಂದು ಬೈಗುಳವನ್ನೂ ವಾಪಸು ತೆಗೆದುಕೊಂಡವಳಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ಮೀನು ಬಿಡಿಸುತ್ತ, ಕಂಬ ಕೀಳುವುದೋ ಮಾತು ಕೀಳುವುದೋ ನೀನೇ ನೋಡು ಎಂದ. ಒಂದೇ ವರ್ಷದಲ್ಲಿ ಎರಡನೆಯ ಮಾತು. ಇವನಿಗೂ ಬಾಯಿ ಬರುತ್ತಿದೆ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಹತ್ತನೆಯ ತಿಂಗಳ ಹಬ್ಬದ ದಿನ ಅಂಗಳದ ನಡುವೆ ಪ್ರೇತಗಳಿಗೆಂದು ಬಿದಿರಿನ ಅಟ್ಟ ಕಟ್ಟಿದ್ದರು. ಜನ ತಂತಮ್ಮ ತಟ್ಟೆಗಳನ್ನು ಅದರ ಮೇಲೆ ಇಡುತ್ತಿದ್ದರು: ನೂಲಿನ ಸಿಹಿ, ಉಬ್ಬಿದ ಅಕ್ಕಿ ಬಿಲ್ಲೆ, ಬಾಳೆಹಣ್ಣು, ಅಡಿಕೆ ಎಲೆ. ಮಂತ್ರ ಮುಗಿದ ತಕ್ಷಣ ತಟ್ಟೆಗಳನ್ನು ದೋಚಲು ಮಕ್ಕಳು, ಮಕ್ಕಳಿಗಿಂತ ಮುಂದೆ ಮುದುಕಿಯರು, ಸಜ್ಜಾಗಿ ನಿಂತಿದ್ದರು. ಪ್ರೇತದ ಎಂಜಲು ತಿಂದರೆ ಪುಣ್ಯ. ಲಮೂನ್ ಅವ್ವನ ತಟ್ಟೆಯಲ್ಲಿ ಎಲ್ಲ ಇಟ್ಟು, ಸಿಂಪಿಯ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಎದುರುಗಡೆ ಸಂಗ್ವಾನ್ ಬಂದು ಕೂತಳು.

ಲಮೂನ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. ಈ ಸಲ ಯಾರ ಗ್ರಹಚಾರವೋ ಎಂದು ಊರ ಮುಖಂಡ ಮೆಲ್ಲಗೆ ಕಂಬದ ಹಿಂದೆ ಸರಿದ.

"ಅವತ್ತು ಅಕ್ಕಂಗೆ ಅಂದದ್ದು ಸುಳ್ಳು. ಅಕ್ಕನ ನೀರಿಂದ ಸಿಂಪಿ ಸತ್ತಿಲ್ಲ. ಬದುಕಿರೋದೇ ಆ ನೀರಲ್ಲಿ. ನಾನು ಆಡಿದ್ದು ನನ್ನ ಬಾಯಿಗೇ ಬರ್ಲಿ."

ಅಷ್ಟೇ ದನಿಯಲ್ಲೇ ಹೇಳಿದಳು. ಕಾಲುವೆಯಾಚೆಯ ಊರಿನ ನಾಯಿ ಬೊಗಳಿತು.

ಜನಕ್ಕೆ ಇದು ಸಾಕಾಗಲಿಲ್ಲ. ಸಂಗ್ವಾನ್ ಅಲ್ಲದಿದ್ದರೆ ಇನ್ಯಾರು? ಚೀನಾದವರು ಅಂದ ಒಬ್ಬ. ಬ್ಯಾಂಕಾಕಿನವರು ಅಂದ ಇನ್ನೊಬ್ಬ. ಗಿರಣಿಯವನನ್ನೇ ಮತ್ತೊಂದು ಸಲ ಬೈದು ಬಿಡು, ಹೇಗೂ ಅವನಿಗೆ ಅಭ್ಯಾಸವಿದೆ ಅಂದ ಮತ್ತೊಬ್ಬ. ಎಲ್ಲರೂ ಅವಳಿಗೆ ಒಂದೊಂದು ಹೆಸರು ಕೊಟ್ಟರು, ಮದುವೆ ಮನೆಯಲ್ಲಿ ಬಡಿಸಿದ ಹಾಗೆ. ತಮ್ಮ ಹೆಸರು ಮಾತ್ರ ಒಬ್ಬರೂ ಕೊಡಲಿಲ್ಲ. ಲಮೂನಳಿಗೆ ತಲೆ ಚಿಟ್ಟು ಹಿಡಿಯಿತು. ಅಂಗಳದ ತುಂಬ ಅವರೇ ಬಂದ ಮೋಟಾರು ಬೈಕುಗಳು, ಆಚೆ ದಂಡೆಯಲ್ಲಿ ಅವಳೇ ಬಂದ ದೋಣಿ, ಎಂಜಿನ್ನಿನ ಬಿಸಿ ಇನ್ನೂ ಆರಿರಲಿಲ್ಲ.

ಆಗ ಸಂಗ್ವಾನ್ ಸೊಂಟದ ಬಟ್ಟೆಯ ಗಂಟು ಬಿಚ್ಚಿ ಏನನ್ನೋ ತೆಗೆದು ಅವ್ವನ ತಟ್ಟೆಯ ಖಾಲಿ ಜಾಗದಲ್ಲಿ ಇಟ್ಟಳು. ತೂಬಿನಿಂದ ಎಬ್ಬಿಸಿದ ಒಂದು ಚೂರು ಹಳೇ ಚಿಪ್ಪು, ಅದರ ಮೇಲೆ ಒಂದು ಮರಿ ಸಿಂಪಿ. ಇನ್ನೂ ಒದ್ದೆಯಾಗಿತ್ತು.

"ಹೆಚ್ಚೋ ಕೆಲಸ ಇಲ್ಲ," ಅಂದಳು. "ಅವ್ವನ ಬಾಯಿಗೆ ಇಷ್ಟೇ ಸರಿ."

ಅದೊಂದು ಒಳ್ಳೆಯ ಮನಸ್ಸಿನ ಕೆಲಸ. ರಾಜಿ ಎಂದರೆ ಅದೇ. ಯಾರಾದರೂ ಕೈಮುಗಿದು ಒಪ್ಪಿಕೊಳ್ಳುತ್ತಿದ್ದರು. ಲಮೂನ್ ಮರಿಯನ್ನೇ ನೋಡುತ್ತ ನಿಂತಳು. ಭಿಕ್ಷುಗಳ ಮಂತ್ರ ಮುಗಿಯುತ್ತ ಬಂದಿತ್ತು, ಮಕ್ಕಳು ಒಂದು ಹೆಜ್ಜೆ ಮುಂದೆ ಬಂದಿದ್ದರು. ಅವಳು ತಟಕ್ಕನೆ ಕೈ ಹಾಕಿ ಮರಿಯನ್ನು ತಟ್ಟೆಯಿಂದ ಎತ್ತಿಕೊಂಡಳು. ಪ್ರೇತಕ್ಕಿಟ್ಟದ್ದನ್ನು ಪ್ರೇತ ಉಣ್ಣುವ ಮುಂಚೆ ತೆಗೆಯುವುದನ್ನು ಆ ಊರು ಕಂಡಿರಲಿಲ್ಲ. ಮುದುಕಿಯೊಬ್ಬಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅವ್ವಾ," ಎಂದು ಲಮೂನ್ ಅಟ್ಟದ ಮೇಲಿನ ಖಾಲಿ ಗಾಳಿಯನ್ನು ನೋಡಿ ಶುರುಮಾಡಿದಳು. "ಈ ವರ್ಷ ನಿಂಗೆ ಸಿಂಪಿ ಇಲ್ಲ. ಇದು ಬದುಕಬೇಕು, ನೀನು ಸತ್ತಾಗಿದೆ. ಸಮುದ್ರಕ್ಕೆ ಹುಳಿ ಹಿಂಡಿದೋರಲ್ಲಿ ನೀನೂ ಒಬ್ಳು, ಗೊತ್ತಾ? ನಿನ್ನ ಭಟ್ಟಿ ಹೊಗೆ ಇನ್ನೂ ಅಲ್ಲೇ ಇದೆಯಂತೆ. ಆ ಭಟ್ಟಿಯ ಅನ್ನ ಉಂಡು ದೊಡ್ಡೋರಾದೋರು ನಾವು. ಈಗ ನಾನು ಯಾರನ್ನಂತ ಬೈಲಿ, ನೀನೇ ಹೇಳು."

ಮೂರು ಊರಿಗೆ ಕೇಳಿಸುವ ದನಿ ಕೊನೆಗೆ ಎದುರು ಕೂತ ಅಕ್ಕನಿಗಷ್ಟೇ ಕೇಳಿಸಿತು.

"ಹಸ್ಕೊಂಡೇ ಹೋಗವ್ವಾ. ಬೈಬೇಡ."

ಸಂಗ್ವಾನ್ ಎದ್ದು ಬಂದು, ಪೂಜೆಗೆ ಇಟ್ಟಿದ್ದ ನೀರಿನಲ್ಲಿ ತನ್ನ ತಲೆವಸ್ತ್ರ ಅದ್ದಲು ಹೋಗಿ, ಅದು ಸಿಹಿನೀರು ಎಂದು ನೆನಪಾಗಿ ನಿಲ್ಲಿಸಿದಳು. ತಂಗಿಯ ಅಂಗೈಯಲ್ಲಿದ್ದ ಮರಿಯನ್ನು ಒಣ ಬಟ್ಟೆಯಿಂದಲೇ ಬಿಸಿಲು ತಾಗದಂತೆ ಮುಚ್ಚಿದಳು.

"ನಡಿಯೇ," ಅಂದಳು. "ನೀರು ಏರೋ ಮುಂಚೆ ವಾಪಸ್ ಅಂಟಿಸಬೇಕು. ಮೂಟೆಯಲ್ಲಿ ಸಿಮೆಂಟ್ ಮಿಕ್ಕಿದೆ."

ಲಮೂನ್ ದೋಣಿಯ ಕಡೆ ತಿರುಗಿದಳು. ಸಂಗ್ವಾನ್ ಅವಳ ಮೊಳಕೈ ಹಿಡಿದು ಕಾಲುವೆಯ ಬದುವಿಗೆ ತಿರುಗಿಸಿದಳು, ದೂರವೇನಿಲ್ಲ, ನಡೆದುಕೊಂಡೇ ಹೋಗೋಣ ಎಂದು. ಹಿಂದೆ ಅಂಗಳದಲ್ಲಿ ಮಂತ್ರ ಮುಗಿದು ಮಕ್ಕಳು ಅಟ್ಟದ ಮೇಲೆ ಬಿದ್ದರು. ಪ್ರತಿಯೊಂದು ತಟ್ಟೆಯೂ ಕೈಯಿಂದ ಕೈಗೆ ಹೋಯಿತು. ಹಸಿದೇ ಹೋದ ಅವರ ಅವ್ವನ ತಟ್ಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.